ಸಸಿಹಿತ್ಲುವಿನಲ್ಲಿ ಸರ್ಫಿಂಗ್‌ಗೆ ಮುಂಚೆ ಒಂದು ಹಿಡಿ ಮರಳು

ಮಂಗಳೂರಿನ ಹತ್ತಿರದ ಸಸಿಹಿತ್ಲು ಬೀಚಿಗೆ ಅಲೆ ಸವಾರಿಯ ಬೋರ್ಡ್ ಹಿಡಿದು ಹೋದರೆ, ನೀರಿಗಿಳಿಯುವ ಮೊದಲು ಒಂದು ಹಿಡಿ ಒಣ ಮರಳನ್ನು ಎದೆಮಟ್ಟದಿಂದ ಕೆಳಗೆ ಬಿಡಿ. ನುಣ್ಣನೆ ಪುಡಿ ಕಡಲಿನ ಕಡೆ ಹಾರಿದರೆ ತಡ ಮಾಡದೆ ಇಳಿಯಿರಿ. ನಿಮ್ಮ ಕಡೆಗೇ ವಾಪಸ್ ಬಂದರೆ ಒಳ್ಳೆಯ ಹೊತ್ತು ಮುಗಿದಿದೆ ಅಂತ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಇರುತ್ತದೆ. ಹಾಗಾಗಿ ಬೆಳಗಿನ ಜಾವ ಗಾಳಿ ದಡದಿಂದ ಕಡಲಿಗೆ ಬೀಸಿ, ಅಲೆಯ ಮುಖವನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿಯುತ್ತದೆ. ಆಗ ಅಲೆ ಗಾಜಿನ ಹಾಗೆ ನುಣುಪು, ಮುರಿಯುವುದೂ ನಿಧಾನ. ಹೊಸಬರಿಗೆ ಎದ್ದು ನಿಲ್ಲಲು ಆ ಒಂದೆರಡು ಕ್ಷಣವೇ ಬೇಕಾದದ್ದು, ಅಲ್ವಾ? ಬಿಸಿಲೇರಿದ ಮೇಲೆ ಕಡಲಗಾಳಿ ಶುರುವಾಗಿ ನೀರೆಲ್ಲಾ ಕಲಕುತ್ತದೆ. ಇದು ಚಳಿಗಾಲ, ಬೇಸಿಗೆಗೆ ಮಾತ್ರ. ಮಳೆಗಾಲದಲ್ಲಿ ನೈಋತ್ಯದ ಗಾಳಿ ಹಗಲೂ ರಾತ್ರಿ ಬೀಸುತ್ತದೆ, ಮರಳೂ ಒದ್ದೆ. ಆಗ ಕಲಿಯುವವರು ಇಳಿಯಲೇಬೇಡಿ. ಇನ್ನೊಂದು ಮಾತು: ಶಾಂಭವಿ, ನಂದಿನಿ ಹೊಳೆಗಳು ಕಡಲು ಸೇರುವ ಅಳಿವೆಯ ಹತ್ತಿರ ಮರಳು ಏನೇ ಹೇಳಲಿ, ನಂಬಬೇಡಿ. ಕಡಲಿನ ಇಳಿತದ ಹೊತ್ತಿಗೆ ಹೊಳೆ ನೀರು ಜೋರಾಗಿ ಹೊರಗೆ ಹರಿಯುತ್ತದೆ, ಜತೆಗೆ ನಿಮ್ಮನ್ನೂ ಎಳೆಯುತ್ತದೆ. ಅಲ್ಲಿನ ಮೀನುಗಾರರನ್ನು ಕೇಳಿಯೇ ಜಾಗ ಆರಿಸಿ.