ಹುಟ್ಟಿದ ದಿನಕ್ಕೆ ಸೆಕೆಂಡಿನ ಲೆಕ್ಕ ಯಾಕೆ?

ಒಂದು ಸಹಕಾರಿ ಸಂಘದ ಹಳೇ ಸಾಲದ ಸಾಫ್ಟ್‌ವೇರನ್ನು ಹೊಸ ಸರ್ವರ್‌ಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪ್ರೋಗ್ರಾಂ ಬರೆದಿದ್ದದ್ದು ಪಿಎಚ್‌ಪಿ ಭಾಷೆಯಲ್ಲಿ, ಮಾಹಿತಿ ಇಟ್ಟಿದ್ದದ್ದು ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ. ತಾರೀಕುಗಳೆಲ್ಲ ಇಂಟ್ (ಪೂರ್ಣಾಂಕ) ಕಾಲಂಗಳಲ್ಲಿ, ಯುನಿಕ್ಸ್ ಟೈಮ್‌ಸ್ಟ್ಯಾಂಪ್ ಆಗಿ ಕೂತಿದ್ದವು. ಅಂದರೆ 1970ರ ಜನವರಿ 1, ಯುಟಿಸಿ (ಜಗತ್ತಿಗೆಲ್ಲ ಆಧಾರವಾದ ಸಮಯ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ) ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡ್ ಆಯಿತು ಅನ್ನುವ ಸಂಖ್ಯೆ. ಅದಕ್ಕೂ ಹಿಂದಿನದಾದರೆ ಮೈನಸ್.

ಮೊದಲು ಕಣ್ಣಿಗೆ ಬಿದ್ದದ್ದು ಸಾಲ ತೀರುವ ತಾರೀಕು. 20 ವರ್ಷದ ಮನೆ ಸಾಲಗಳಲ್ಲಿ ಬಹಳಷ್ಟು 2038ರ ಜನವರಿ 19ರಂದೇ ಮುಗಿಯುತ್ತಿದ್ದವು. ಅಷ್ಟೂ ಜನ ಒಂದೇ ದಿನ ಸಾಲ ತೀರಿಸ್ತಾರಾ? 32 ಬಿಟ್‌ನ ಇಂಟ್‌ನಲ್ಲಿ ಹಿಡಿಸುವುದು 2147483647ರ ತನಕ ಮಾತ್ರ. ನಮ್ಮ ಗಡಿಯಾರದಲ್ಲಿ ಅದು ಆವತ್ತು ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. ಪಿಎಚ್‌ಪಿ 64 ಬಿಟ್‌ನದ್ದು, ಲೆಕ್ಕ ಸರಿಯಾಗೇ ಮಾಡಿತ್ತು. ಆದರೆ ಸ್ಟ್ರಿಕ್ಟ್ ಮೋಡ್ (ಹಿಡಿಸದ ಸಂಖ್ಯೆಯನ್ನು ತಿರಸ್ಕರಿಸುವ ಸೆಟ್ಟಿಂಗ್) ಇಲ್ಲದಿದ್ದರೆ ಮೈಎಸ್‌ಕ್ಯೂಎಲ್ ಅದಕ್ಕಿಂತ ದೊಡ್ಡದನ್ನೆಲ್ಲ ಆ ಸಂಖ್ಯೆಗೇ ಕತ್ತರಿಸಿ, ಒಂದು ವಾರ್ನಿಂಗ್ ಕೊಟ್ಟು ಸುಮ್ಮನಾಗುತ್ತದೆ. 2038 ಇನ್ನೂ ದೂರ ಅಂತೀವಿ. 20 ವರ್ಷದ ಸಾಲ ಕೊಡುವವರಿಗೆ ಅದು 2018ರಲ್ಲೇ ಬಂದಾಗಿತ್ತು. ಸಾಲ ಕೊಟ್ಟ ದಿನ, ಕಂತುಗಳ ಸಂಖ್ಯೆ ಬೇರೆ ಕಾಲಂಗಳಲ್ಲಿ ಇದ್ದದ್ದರಿಂದ ಮತ್ತೆ ಲೆಕ್ಕ ಹಾಕಿ ತುಂಬಿದೆ.

ಜಾಸ್ತಿ ಕಾಡಿದ್ದು ಹುಟ್ಟಿದ ತಾರೀಕು. ಹೊಸ ಸರ್ವರ್ ಯುಟಿಸಿಯಲ್ಲಿತ್ತು. ಅಲ್ಲಿ ತೆಗೆದ ವರದಿಯಲ್ಲಿ ಹಿರಿಯ ಸದಸ್ಯರು ಸಾಲುಸಾಲಾಗಿ ಮೇ 31ಕ್ಕೆ ಹುಟ್ಟಿದ್ದರು. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಳ್ಳುತ್ತಿದ್ದದ್ದು ಜೂನ್ 1 ಅಲ್ವಾ? ಒಂದು ಸಂಖ್ಯೆ ತೆಗೆದು ನೋಡಿದೆ: -365664600. ಯುಟಿಸಿಯಲ್ಲಿ ಇದು 1958ರ ಮೇ 31, ಸಂಜೆ ಆರೂವರೆ. ಐದೂವರೆ ಗಂಟೆ ಸೇರಿಸಿದರೆ ಜೂನ್ 1ರ ಮಧ್ಯರಾತ್ರಿ.

ಎಲ್ಲದಕ್ಕೂ ಐದೂವರೆ ಗಂಟೆ, ಅಂದರೆ 19800 ಸೆಕೆಂಡ್ ಕೂಡಿಸಿದರೆ ಆಯ್ತಲ್ಲ ಅಂದರು ಜೊತೆಯವರು. ಆಗಲ್ಲ. ಎರಡನೇ ಮಹಾಯುದ್ಧದ ಹೊತ್ತಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ ಮಧ್ಯದವರೆಗೆ, ಭಾರತದ ಗಡಿಯಾರ ಒಂದು ಗಂಟೆ ಮುಂದಿತ್ತು. ಯುಟಿಸಿಗಿಂತ ಆರೂವರೆ ಗಂಟೆ. ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಅಂತಿದ್ದರೆ ಪಿಎಚ್‌ಪಿಗೆ ಇದು ಗೊತ್ತಿರುತ್ತದೆ. 1943ರ ಜೂನ್ 1 ಅಂತ ಕೊಟ್ಟರೆ ಅದು ಬರೆದಿಡುವುದು ಯುಟಿಸಿಯಲ್ಲಿ ಹಿಂದಿನ ದಿನದ ಸಂಜೆ ಐದೂವರೆ. ಅದಕ್ಕೆ ಐದೂವರೆ ಗಂಟೆಯಷ್ಟೇ ಕೂಡಿಸಿದರೆ ಮೇ 31ರ ರಾತ್ರಿ 11ಕ್ಕೇ ನಿಲ್ಲುತ್ತದೆ.

ಹಾಗಾಗಿ ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದೆ. ಸಂಖ್ಯೆಯನ್ನು ತಾರೀಕು ಮಾಡುವ ಅದರ ಫ್ರಮ್‌ಟೈಮ್‌ಸ್ಟ್ಯಾಂಪ್‌ಗೆ ವಿಂಡೋಸ್‌ನಲ್ಲಿ ಮೈನಸ್ ಸಂಖ್ಯೆ ಕೊಟ್ಟರೆ ಎರರ್ ಬರುತ್ತಿತ್ತು. ಅದನ್ನು ಬಿಟ್ಟು, 1970ರ ಯುಟಿಸಿ ತಾರೀಕಿಗೆ ಅಷ್ಟು ಸೆಕೆಂಡನ್ನು ಟೈಮ್‌ಡೆಲ್ಟಾ (ಕಾಲಾವಧಿ) ಆಗಿ ಕೂಡಿಸಿ, ಹಳೇ ಸಮಯ ಬದಲಾವಣೆಗಳು ಗೊತ್ತಿರುವ ಝೋನ್‌ಇನ್ಫೋ ಮೂಲಕ ನಮ್ಮ ಸಮಯಕ್ಕೆ ತಂದು, ದಿನವನ್ನಷ್ಟೇ ಉಳಿಸಿಕೊಂಡೆ. ಸರಿಯಾಗಿ ಮಧ್ಯರಾತ್ರಿ ಬಾರದ ಸಾಲುಗಳನ್ನು ಬೇರೆ ಪಟ್ಟಿಗೆ ಹಾಕಿದೆ. ಆ ಪಟ್ಟಿಯಲ್ಲಿ ಸಿಕ್ಕಿದ್ದೆಲ್ಲ ಸೊನ್ನೆ! ನಮ್ಮ ಸಮಯದಲ್ಲಿ 1970ರ ಜನವರಿ 1, ಬೆಳಗಿನ ಜಾವ ಐದೂವರೆ. ಫಾರಂನಲ್ಲಿ ತಾರೀಕನ್ನೇ ತುಂಬದವರು ಇವರು. ನಿಜವಾಗಿಯೂ ಆ ದಿನ ಹುಟ್ಟಿದವರ ಸಂಖ್ಯೆ -19800 ಇರುತ್ತದೆ, ಹಾಗಾಗಿ ಎರಡನ್ನೂ ಬೇರ್ಪಡಿಸುವುದು ಸುಲಭವಾಯಿತು. ಸೊನ್ನೆ ಇದ್ದಲ್ಲೆಲ್ಲ ನಲ್ (ಮಾಹಿತಿ ಇಲ್ಲ ಅನ್ನುವ ಗುರುತು) ಹಾಕಿದೆ.

ಈಗ ಹುಟ್ಟಿದ ದಿನ, ಸಾಲ ತೀರುವ ದಿನ ಎರಡೂ ಡೇಟ್ ಕಾಲಂಗಳು, ಗಂಟೆ ಸೆಕೆಂಡ್ ಇಲ್ಲದೆ ದಿನವನ್ನಷ್ಟೇ ಇಡುವಂಥವು. ಬ್ರೌಸರ್‌ಗೂ ಅವು ಬರೀ ಅಕ್ಷರಗಳಾಗಿ ಹೋಗುತ್ತವೆ. ಯಾಕೆಂದರೆ ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ನ ಡೇಟ್‌ಗೆ 1958-06-01 ಅಂತ ಕೊಟ್ಟರೆ ಅದು ಯುಟಿಸಿ ಮಧ್ಯರಾತ್ರಿ ಅಂದುಕೊಳ್ಳುತ್ತದೆ. ಅಮೆರಿಕದಲ್ಲಿ ಕೂತು ಅಪ್ಪನ ಖಾತೆ ನೋಡುವ ಮಗನಿಗೆ ಒಂದು ದಿನ ಹಿಂದಿನದು ಕಾಣಿಸುತ್ತದೆ. ಕಂತು ಕಟ್ಟಿದ ಕ್ಷಣ ಮಾತ್ರ ಸೆಕೆಂಡಿನಲ್ಲೇ ಉಳಿಯಿತು. ಅದಕ್ಕೆ ಸಂಖ್ಯೆಯೇ ಸರಿ. ಇಂಟ್ ಬದಲು 64 ಬಿಟ್‌ನ ಬಿಗ್‌ಇಂಟ್ ಮಾಡಿದೆ, ಅಷ್ಟೇ.