ಸ್ವಿಚ್ ಮೇಲೆ ಕಣ್ಣಿಡಿ, ಬಾಗಿಲು ಮಾತ್ರ ಮುಚ್ಚಿರಲಿ

ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಹೆಡ್ ಆಫೀಸು, ಬಂಟ್ವಾಳ, ಮೂಡುಬಿದಿರೆ, ಕಾರ್ಕಳದಲ್ಲಿ ಬ್ರಾಂಚು. ಇಂಥ ಸಂಸ್ಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಳೆಗಾಲಕ್ಕೆ ಮುಂಚಿನ ಗುಡುಗು-ಸಿಡಿಲು ಶುರುವಾಯಿತೆಂದರೆ, ಯಾವ ಬ್ರಾಂಚಿನ ಸ್ವಿಚ್ (ಕಂಪ್ಯೂಟರ್‌ಗಳನ್ನು ಕೇಬಲ್‌ನಿಂದ ಜೋಡಿಸುವ ನೆಟ್‌ವರ್ಕ್ ಪೆಟ್ಟಿಗೆ) ಹೋಯಿತು ಎಂದು ಫೋನ್ ಮಾಡಿ ಕೇಳುವುದೇ ಕೆಲಸ. ಅದರ ಬದಲು ಸ್ವಿಚ್‌ನ ಸ್ಥಿತಿಗತಿಯನ್ನು ಕೂತಲ್ಲೇ ನೋಡಬಹುದು. ಅದಕ್ಕಿರುವ ಪದ್ಧತಿಯೇ ಎಸ್‌ಎನ್‌ಎಂಪಿ (ಸಿಂಪಲ್ ನೆಟ್‌ವರ್ಕ್ ಮ್ಯಾನೇಜ್‌ಮೆಂಟ್ ಪ್ರೋಟೋಕಾಲ್).

ಇದನ್ನು ಆನ್ ಮಾಡುವುದು ಸುಲಭ. ತೊಂದರೆ ಇರುವುದೂ ಅಲ್ಲೇ. ಹಳೆಯ ವರ್ಷನ್ 1 ಮತ್ತು 2ಸಿಯಲ್ಲಿ ಪಾಸ್‌ವರ್ಡಿನ ಜಾಗದಲ್ಲಿ ಇರುವುದು ‘ಕಮ್ಯುನಿಟಿ’ ಎಂಬ ಒಂದು ಪದ. ಎಷ್ಟೋ ಸ್ವಿಚ್‌ಗಳಲ್ಲಿ ಅದು ‘ಪಬ್ಲಿಕ್’ ಎಂದೇ ಉಳಿದಿರುತ್ತದೆ. ಬದಲಾಯಿಸಿದರೂ ಅದು ಕೇಬಲ್‌ನಲ್ಲಿ ಹಾಗೇ ಬರಿಗಣ್ಣಿಗೆ ಕಾಣುವಂತೆ ಹೋಗುತ್ತದೆ. ಕೇಬಲ್‌ನಲ್ಲಿ ಹೋಗುವುದನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಹಾಕಿ ಆ ಪ್ಯಾಕೆಟ್ ಹಿಡಿದರೆ ಅಕ್ಷರ ಅಕ್ಷರವಾಗಿ ಓದಬಹುದು. ಬರೆಯುವ ಅಧಿಕಾರವಿರುವ ‘ಪ್ರೈವೇಟ್’ ಕೂಡ ಉಳಿದಿದ್ದರೆ ಯಾರೋ ಒಬ್ಬರು ನಿಮ್ಮ ಪೋರ್ಟನ್ನೇ (ಕೇಬಲ್ ಚುಚ್ಚುವ ಕಿಂಡಿ) ಬಂದ್ ಮಾಡಬಹುದು. ಹಾಗಾಗಿ ವರ್ಷನ್ 3 ಬಿಟ್ಟು ಬೇರೆ ಯೋಚನೆ ಬೇಡ. ಅದು 2002ರಲ್ಲೇ ಪೂರ್ಣ ಸ್ಟ್ಯಾಂಡರ್ಡ್ ಆಗಿದೆ.

ಮೊದಲು ನಿಮ್ಮ ಸ್ವಿಚ್ ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಾಯಿಸಬಹುದಾದದ್ದು) ಹೌದಾ, ವರ್ಷನ್ 3 ಇದೆಯಾ ನೋಡಿ. ಫರ್ಮ್‌ವೇರ್ (ಸ್ವಿಚ್ ಒಳಗಿನ ತಂತ್ರಾಂಶ) ಹಳೆಯದಾಗಿದ್ದರೆ ಅಪ್‌ಡೇಟ್ ಮಾಡಿ. ಟೈಮ್ ಸರಿಯಿರಲು ಎನ್‌ಟಿಪಿ ಹಾಕಿ. ಇಲ್ಲದಿದ್ದರೆ ಲಾಗ್‌ನಲ್ಲಿ ಸಿಡಿಲು ಬಡಿದ ಹೊತ್ತು ಯಾವುದೆಂದೇ ತಿಳಿಯುವುದಿಲ್ಲ.

ಆಮೇಲೆ ಸ್ವಿಚ್‌ನ ಎಸ್‌ಎನ್‌ಎಂಪಿ ಸೆಟ್ಟಿಂಗ್‌ನಲ್ಲಿ ಯೂಸರ್‌ಗಳಿಗಾಗಿ ಒಂದು ಗ್ರೂಪ್ ಮಾಡಿ. ಅದಕ್ಕೆ ಓದುವ ಅಧಿಕಾರ ಮಾತ್ರ ಕೊಡಿ. ಸೆಕ್ಯುರಿಟಿ ಲೆವೆಲ್ ಕೇಳಿದಲ್ಲಿ ‘ಆಥ್‌ಪ್ರಿವ್’ ಆರಿಸಿ. ಅಂದರೆ ಕೇಳುತ್ತಿರುವವರು ಯಾರು ಎಂಬ ಪರೀಕ್ಷೆಯೂ ಆಗುತ್ತದೆ, ಮಾತುಕತೆ ಗುಪ್ತವಾಗಿಯೂ ಇರುತ್ತದೆ. ಯೂಸರ್‌ಗೆ ಗುರುತಿನದು, ಗುಪ್ತತೆಯದು ಎರಡೂ ಪಾಸ್‌ವರ್ಡ್ ಕೊಟ್ಟು ಗ್ರೂಪನ್ನು ಕೆಳಗಿನ ಲೆವೆಲ್‌ನಲ್ಲಿ ಬಿಟ್ಟರೆ ಗುಪ್ತತೆ ಕಡ್ಡಾಯ ಆಗುವುದಿಲ್ಲ. ಇದನ್ನು ಎರಡು ಸಲ ನೋಡಿಕೊಳ್ಳಿ.

ಈಗ ಯೂಸರ್. ಗುರುತಿಗೆ ಎಸ್‌ಎಚ್‌ಎ, ಗುಪ್ತತೆಗೆ ಎಇಎಸ್. ಎಂಡಿ5, ಡಿಇಎಸ್ ಹಳೆಯವು, ಮುಟ್ಟಬೇಡಿ. ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇರಲಿ. ಕನಿಷ್ಠ 8 ಅಕ್ಷರ ಬೇಕೇ ಬೇಕು; 16ಕ್ಕಿಂತ ಜಾಸ್ತಿ ಇದ್ದರೆ ನನಗೆ ಸಮಾಧಾನ.

ಮಾನಿಟರಿಂಗ್ ಕಂಪ್ಯೂಟರಿನ ಐಪಿ ವಿಳಾಸವನ್ನು ಮಾತ್ರ ಒಳಬಿಡುವಂತೆ ಆಕ್ಸೆಸ್ ಲಿಸ್ಟ್ ಹಾಕಿ. ಪ್ರಶ್ನೆ ಹೋಗುವುದು ಯುಡಿಪಿ ಪೋರ್ಟ್ ನಂಬರ್ 161ಕ್ಕೆ, ಸ್ವಿಚ್ ತಾನಾಗಿ ಕಳಿಸುವ ಟ್ರ್ಯಾಪ್ ಎಂಬ ಸೂಚನೆ ಬರುವುದು 162ಕ್ಕೆ. ಇವೆರಡನ್ನೂ ಇಂಟರ್ನೆಟ್ ಕಡೆಗೆ ತೆರೆಯಲೇಬೇಡಿ. ಬ್ರಾಂಚಿನಿಂದ ಬರುವುದು ವಿಪಿಎನ್ ಎಂಬ ಗುಪ್ತ ದಾರಿಯ ಮೂಲಕ ಬರಲಿ.

ಇನ್ನು ಹಳೆಯ ಕಮ್ಯುನಿಟಿಗಳನ್ನೆಲ್ಲ ಅಳಿಸಿ, ವರ್ಷನ್ 1, 2ಸಿ ಆಫ್ ಮಾಡಿ. ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದೇ. ಹೊಸದು ನಡೆಯುತ್ತದಲ್ವಾ ಎಂದು ಹಳೆಯದನ್ನು ಸುಮ್ನೆ ಬಿಟ್ಟರೆ ಇಷ್ಟು ಮಾಡಿದ್ದೂ ವ್ಯರ್ಥ. ಎಸ್‌ಎನ್‌ಎಂಪಿವಾಕ್ ಕಮಾಂಡಿನಿಂದ, ಮಾನಿಟರಿಂಗ್ ಕಂಪ್ಯೂಟರಿನಲ್ಲೇ ಎರಡು ಪರೀಕ್ಷೆ ಮಾಡಿ. ವರ್ಷನ್ 3 ಯೂಸರ್‌ನಲ್ಲಿ ಕೇಳಿದರೆ ಸ್ವಿಚ್ ಹೆಸರು, ಅಪ್‌ಟೈಮ್ ಬರಬೇಕು. 2ಸಿಯಲ್ಲಿ ‘ಪಬ್ಲಿಕ್’ ಎಂದು ಕೇಳಿದರೆ ಟೈಮ್‌ಔಟ್ ಆಗಬೇಕು.

ಇದನ್ನೆಲ್ಲ ಗ್ರಾಫ್ ಆಗಿ ನೋಡಲು ಲಿಬ್ರೆಎನ್‌ಎಂಎಸ್ ಅಥವಾ ಜ್ಯಾಬಿಕ್ಸ್ ತಂತ್ರಾಂಶ ಸಾಕು, ಎರಡೂ ಉಚಿತ. ಗಿಗಾಬಿಟ್ ಪೋರ್ಟಿಗೆ, ಹೋದ-ಬಂದ ಡೇಟಾ ಎಣಿಸುವ 64 ಬಿಟ್ ಕೌಂಟರ್ ಆರಿಸಿ. 32 ಬಿಟ್‌ನದು ಪೂರ್ತಿ ವೇಗದಲ್ಲಿ ಸುಮಾರು 34 ಸೆಕೆಂಡಿಗೇ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ, ಗ್ರಾಫ್ ಸುಳ್ಳು ಹೇಳುತ್ತದೆ. ಟ್ರಾಫಿಕ್ ಜೊತೆ ಪೋರ್ಟ್ ಎರರ್ ಕೂಡ ನೋಡುತ್ತಿರಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಕನೆಕ್ಟರ್ ತುಕ್ಕು ಹಿಡಿದರೆ ಲಿಂಕ್ ಪೂರ್ತಿ ಹೋಗುವ ಮೊದಲೇ ಸಿಆರ್‌ಸಿ ಎರರ್ (ಡೇಟಾ ಕೆಟ್ಟು ಬಂದದ್ದರ ಲೆಕ್ಕ) ಏರತೊಡಗಬಹುದು.

ಸಿಡಿಲಿಗೆ ಸ್ವಿಚ್ ಸುಟ್ಟು ಹೊಸದಕ್ಕೆ ಹಳೆಯ ಬ್ಯಾಕಪ್ ಹಾಕಿದಿರಿ ಅನ್ನಿ. ಎಲ್ಲ ಸರಿಯಿದೆ, ವರ್ಷನ್ 3 ಮಾತ್ರ ಉತ್ತರ ಕೊಡುವುದಿಲ್ಲ. ಕಾರಣ ಎಂಜಿನ್ ಐಡಿ, ಅಂದರೆ ಎಸ್‌ಎನ್‌ಎಂಪಿಯಲ್ಲಿ ಆ ಸ್ವಿಚ್‌ಗಿರುವ ಗುರುತು. ಪಾಸ್‌ವರ್ಡಿನಿಂದ ತಯಾರಾಗುವ ಯೂಸರ್‌ನ ಕೀ ಆ ಐಡಿಗೆ ಅಂಟಿಕೊಂಡಿರುತ್ತದೆ, ಅನೇಕ ಸ್ವಿಚ್‌ಗಳಲ್ಲಿ ಐಡಿ ಹುಟ್ಟುವುದು ಆ ಯಂತ್ರದ ಮ್ಯಾಕ್ ಅಡ್ರೆಸ್‌ನಿಂದ. ಸಿಸ್ಕೊ ಸ್ವಿಚ್‌ಗಳ ಐಒಎಸ್ ತಂತ್ರಾಂಶದಲ್ಲಂತೂ ಈ ಯೂಸರ್ ರನ್ನಿಂಗ್ ಕಾನ್ಫಿಗರೇಶನ್‌ನಲ್ಲಿ (ಸದ್ಯದ ಸೆಟ್ಟಿಂಗ್‌ಗಳ ಪಟ್ಟಿ) ಕಾಣಿಸುವುದೇ ಇಲ್ಲ, ಹಾಗಾಗಿ ಆ ಪಟ್ಟಿಯ ಬ್ಯಾಕಪ್‌ನಲ್ಲೂ ಇರುವುದಿಲ್ಲ. ಹೊಸ ಸ್ವಿಚ್‌ನಲ್ಲಿ ಯೂಸರ್‌ನನ್ನು ಮತ್ತೆ ಮಾಡಿ, ಅದೇ ಪಾಸ್‌ವರ್ಡ್ ಕೊಡಿ. ಅದಕ್ಕೆ ಆ ಎರಡು ಪಾಸ್‌ವರ್ಡ್‌ಗಳನ್ನು ಮಳೆಗಾಲಕ್ಕೆ ಮೊದಲೇ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇಟ್ಟಿರಿ.