ಗಂಟೆಗೆ ಐದೇ ಹಾಡು: ದಾವಣಗೆರೆಯಲ್ಲಿ ಹೊಸ ಪ್ರೊಗ್ರೆಸಿವ್ ರಾಕ್ ಕಾರ್ಯಕ್ರಮ ಕಟ್ಟುವ ಬಗೆ

ಉದ್ದುದ್ದ ಹಾಡು, ಬದಲಾಗುವ ತಾಳಗಳ ರಾಕ್ ಪ್ರಕಾರವಾದ ಪ್ರೊಗ್ರೆಸಿವ್ ರಾಕ್‌ನ ಹೊಸ ಬಿಡುಗಡೆಗಳನ್ನು ರೇಡಿಯೋದಲ್ಲಿ ಹಾಕಲು ಕೂತವರಿಗೆ ಮೊದಲ ತೊಡಕು ಗಡಿಯಾರದ್ದು. ಸಿನಿಮಾ ಹಾಡಿನ ಕಾರ್ಯಕ್ರಮಕ್ಕೆ ಗಂಟೆಗೆ ಹನ್ನೆರಡು ಹಾಡು ಹಿಡಿಸುತ್ತವೆ. ಇಲ್ಲಿ ನಾಲ್ಕು, ಹೆಚ್ಚೆಂದರೆ ಆರು. ಬ್ರಿಟಿಷ್ ಸಂಗೀತಗಾರ ಸ್ಟೀವನ್ ವಿಲ್ಸನ್ 2025ರ ಮಾರ್ಚ್‌ನಲ್ಲಿ ತಂದ ‘ದಿ ಓವರ್‌ವ್ಯೂ’ ಆಲ್ಬಮ್‌ನಲ್ಲಿ ಇರುವುದೇ ಎರಡು ಟ್ರ್ಯಾಕ್. ಮೊದಲನೆಯದು 23 ನಿಮಿಷ ದಾಟುತ್ತದೆ, ಎರಡನೆಯದು 18 ದಾಟುತ್ತದೆ. ಇದೇನೂ ಹೊಸ ಚಾಳಿಯಲ್ಲ. 1972ರಲ್ಲಿ ಜೆತ್ರೋ ಟಲ್ ತಂಡ ಎಲ್‌ಪಿಯ ಎರಡೂ ಬದಿ ತುಂಬುವ ಹಾಗೆ ಒಂದೇ ಹಾಡು ಮಾಡಿತ್ತು.

ಹಾಗಾಗಿ ಸಮುದಾಯ ರೇಡಿಯೋ ಕೇಂದ್ರಕ್ಕೆ ನಾವು ಮನೆಯಲ್ಲೇ ಸಿದ್ಧಮಾಡಿ ಕೊಡುವ ಈ ಒಂದು ಗಂಟೆಯ ಕಾರ್ಯಕ್ರಮಕ್ಕೆ ಒಂದೇ ಕಟ್ಟಳೆ: ಹಾಡನ್ನು ಕತ್ತರಿಸುವುದಿಲ್ಲ, ಅದರ ಮೇಲೆ ಮಾತಾಡುವುದಿಲ್ಲ, ಹೊತ್ತಾಯಿತೆಂದು ಕೊನೆಯಲ್ಲಿ ಫೇಡ್ ಮಾಡುವುದಿಲ್ಲ. ಇಪ್ಪತ್ತು ನಿಮಿಷದ ಹಾಡಿನ ಆರಂಭದಲ್ಲಿ ಕೇಳಿದ ಒಂದು ಎಳೆ ಹದಿನೆಂಟನೇ ನಿಮಿಷಕ್ಕೆ ಬೇರೆ ಶ್ರುತಿಯಲ್ಲಿ, ಬೇರೆ ವಾದ್ಯದಲ್ಲಿ ತಿರುಗಿ ಬರುತ್ತದೆ. ನಡುವೆ ಕತ್ತರಿ ಆಡಿಸಿದರೆ ಆ ಮರಳುವಿಕೆಗೆ ಅರ್ಥವೇ ಉಳಿಯುವುದಿಲ್ಲ. ಲೇಬಲ್‌ಗಳು ಕಳಿಸುವ ನಾಲ್ಕು ನಿಮಿಷದ ‘ರೇಡಿಯೋ ಎಡಿಟ್’ ನಮಗೆ ಬೇಡ. ಪೂರ್ತಿ ಹಾಡು ಸಿಗುವುದು ಬಿಡುಗಡೆಯ ದಿನವೇ ಎಂದಾದರೆ ಒಂದು ವಾರ ಕಾಯುತ್ತೇವೆ.

ಲೆಕ್ಕ ಹೀಗೆ. 60 ನಿಮಿಷದಲ್ಲಿ ಸಿಗ್ನೇಚರ್ ಟ್ಯೂನ್, ಕೇಂದ್ರದ ಹೆಸರು ಹೇಳುವುದು, ಮುಕ್ತಾಯ ಸೇರಿ ಒಂದೂವರೆ ನಿಮಿಷ. ನಿರೂಪಣೆಗೆ ಎಂಟೂವರೆ. ಸಂಗೀತಕ್ಕೆ ಉಳಿಯುವುದು 50. ಮೊದಲು ಉದ್ದದ ಹಾಡನ್ನು ಕೂರಿಸಬೇಕು, ಆಮೇಲೆ ಉಳಿದವನ್ನು. 23:17ರ ಒಂದು ಹಾಡು, ಅದರ ಜೊತೆ 7:40, 6:10, 8:05, 4:30 ಇಟ್ಟರೆ ಒಟ್ಟು 49:42. ಮಿಕ್ಕ 18 ಸೆಕೆಂಡ್ ಮಾತಿಗೆ ಹೋಗುತ್ತದೆ. ಸಣ್ಣ ಹಾಡುಗಳಿಂದ ಶುರು ಮಾಡಿ ಕೊನೆಗೆ ದೊಡ್ಡದನ್ನು ತಂದರೆ ಸಾಮಾನ್ಯವಾಗಿ ಎರಡು ಮೂರು ನಿಮಿಷ ಮೀರುತ್ತದೆ. ಮೀರಿದ್ದನ್ನು ತುಂಡರಿಸುವ ಕೆಲಸ ಡ್ಯೂಟಿಯಲ್ಲಿರುವವರ ಪಾಲಿಗೆ ಬರುತ್ತದೆ, ಅವರು ಹಾಡಿನ ಕೊನೆಯನ್ನೇ ತುಂಡರಿಸುತ್ತಾರೆ. ಉದ್ದದ ಹಾಡನ್ನು ಎರಡನೆಯದಾಗಿ ಹಾಕುವುದು ಒಳ್ಳೆಯದು. ಮೊದಲ ಹಾಡಿನ ಹೊತ್ತಿಗೆ ಕೇಳುಗರು ಬಂದು ಕೂತಿರುತ್ತಾರೆ. ಉದ್ದದ್ದು ಮುಗಿದ ಮೇಲೆ ಐದು ನಿಮಿಷದೊಳಗಿನ ವಾದ್ಯದ ತುಣುಕು ಬಂದರೆ ಕಿವಿಗೆ ವಿಶ್ರಾಂತಿ.

‘ಹೊಸದು’ ಎಂದರೆ ಬಿಡುಗಡೆಯಾಗಿ 90 ದಿನದೊಳಗೆ. 2015ರ ಜುಲೈನಿಂದ ಜಗತ್ತಿನಾದ್ಯಂತ ಹೊಸ ಆಲ್ಬಮ್‌ಗಳು ಶುಕ್ರವಾರವೇ ಬರುವುದರಿಂದ ಶನಿವಾರ ಕೇಳುವುದು, ಭಾನುವಾರ ಬರೆಯುವುದು, ಸೋಮವಾರ ರಾತ್ರಿ ಧ್ವನಿಮುದ್ರಣ, ಬುಧವಾರದೊಳಗೆ ಫೈಲ್ ಒಪ್ಪಿಸುವುದು ಎಂದು ವಾರವನ್ನು ಹಂಚಿಕೊಂಡಿದ್ದೇವೆ. ಹಳೆಯ ಆಲ್ಬಮ್‌ನ ರಿಮಾಸ್ಟರ್ (ಅದೇ ಮಿಕ್ಸನ್ನು ಮತ್ತೆ ಹದಗೊಳಿಸಿದ್ದು) ನಮ್ಮ ಲೆಕ್ಕದಲ್ಲಿ ಹೊಸದಲ್ಲ. ವಾದ್ಯಗಳು ಬೇರೆ ಬೇರೆಯಾಗಿ ದಾಖಲಾದ ಮೂಲ ಮಲ್ಟಿಟ್ರ್ಯಾಕ್ ಟೇಪಿನಿಂದ ಮತ್ತೆ ಮಿಕ್ಸ್ ಮಾಡಿದ್ದರೆ ಅದು ಬೇರೆ ಮಾತು. ಅದರಲ್ಲಿ ಹೂತುಹೋಗಿದ್ದ ವಾದ್ಯಗಳು ನಿಜಕ್ಕೂ ಮೇಲೆ ಬರುತ್ತವೆ.

ಅನುಮತಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಆಲ್ಬಮ್ ನಮ್ಮ ಕಿವಿಗೆ ಮಾತ್ರ, ಪ್ರಸಾರದ ಹಕ್ಕು ಅದರೊಂದಿಗೆ ಬರುವುದಿಲ್ಲ. 1957ರ ಕಾಪಿರೈಟ್ ಕಾಯ್ದೆಯ 31ಡಿ ಕಲಂ ಪ್ರಸಾರ ಸಂಸ್ಥೆಗಳಿಗೆ ಶಾಸನಬದ್ಧ ಪರವಾನಗಿಯ ದಾರಿ ತೋರಿಸುತ್ತದೆ. ಆದರೆ ಅದು ಇಂಟರ್ನೆಟ್ ಸ್ಟ್ರೀಮಿಂಗ್‌ಗೆ ಅನ್ವಯಿಸದು ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿದೆ. ಈ ಪ್ರಕಾರದ ಬಹುಪಾಲು ಬ್ಯಾಂಡ್‌ಗಳು ತಮ್ಮ ದುಡ್ಡಲ್ಲೇ ಆಲ್ಬಮ್ ತರುವವರು, ಹಕ್ಕೂ ಅವರ ಕೈಯಲ್ಲೇ ಇರುತ್ತದೆ, ಬರೆದರೆ ಉತ್ತರಿಸುತ್ತಾರೆ. ಪತ್ರದಲ್ಲಿ ಮೂರನ್ನು ಬೇರೆ ಬೇರೆಯಾಗಿ ಕೇಳಬೇಕು: ಎಫ್‌ಎಂ ಪ್ರಸಾರ, ಏಕಕಾಲದ ಇಂಟರ್ನೆಟ್ ಸ್ಟ್ರೀಮ್, ಆಮೇಲೆ ಕೇಳಲು ಇಡುವ ಮುದ್ರಿಕೆ. ಯಾವ ಹಾಡು, ಎಷ್ಟು ನಿಮಿಷ, ಎಷ್ಟು ಸಲ, ಯಾವ ದಿನ ಎಂದು ನಮೂದಿಸಬೇಕು. ‘ನಿಮ್ಮ ಸಂಗೀತ ಹಾಕಬಹುದೇ’ ಎಂದಷ್ಟೇ ಕೇಳಿ, ‘ಧಾರಾಳವಾಗಿ’ ಎಂಬ ಉತ್ತರ ಪಡೆದು, ಎಫ್‌ಎಂಗೆ ಕೊಟ್ಟ ಒಪ್ಪಿಗೆಯನ್ನು ಎಲ್ಲದಕ್ಕೂ ಎಳೆದುಕೊಂಡರೆ ಮುಂದೆ ಜಗಳ.

ಫೈಲ್‌ಗಳನ್ನು ಧ್ವನಿಯ ಗುಣ ಕಳೆಯದ ವೇವ್ ಅಥವಾ ಫ್ಲಾಕ್ ರೂಪದಲ್ಲೇ ಕೇಳಿ ಪಡೆಯಿರಿ. ಈ ಸಂಗೀತದಲ್ಲಿ ಒಂದು ಟ್ರ್ಯಾಕ್ ಇನ್ನೊಂದಕ್ಕೆ ಉಸಿರೂ ಬಿಡದೆ ಹರಿಯುತ್ತದೆ. ಎಂಪಿ3 ಮಾಡುವಾಗ ಎನ್‌ಕೋಡರ್ ಫೈಲಿನ ತುದಿಗಳಿಗೆ ಚೂರು ನಿಶ್ಶಬ್ದ ಸೇರಿಸುವುದರಿಂದ ಎರಡು ಟ್ರ್ಯಾಕ್ ಬೆಸೆದ ಜಾಗದಲ್ಲಿ ‘ಟಕ್’ ಎಂದು ತಡವರಿಸುತ್ತದೆ. ಇನ್ನೊಂದು ಮೋಸ ಸ್ಯಾಂಪಲ್ ರೇಟ್‌ನದು, ಎಂದರೆ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ದಾಖಲಿಸಿದೆ ಎಂಬುದರದು. ಬ್ಯಾಂಡ್ 48 ಕಿಲೋಹರ್ಟ್ಸ್‌ನಲ್ಲಿ ಕಳಿಸಿರುತ್ತದೆ, ಪ್ರಾಜೆಕ್ಟ್ 44.1ರಲ್ಲಿರುತ್ತದೆ. ಸಾಫ್ಟ್‌ವೇರ್ ತಾನೇ ಪರಿವರ್ತಿಸಿದರೆ ಸರಿ. ಕೇಂದ್ರದಲ್ಲಿ ಹಾಡು ನುಡಿಸುವ ಹಳೆಯ ಪ್ಲೇಔಟ್ ತಂತ್ರಾಂಶ ಪರಿವರ್ತಿಸದೆ ನುಡಿಸಿದರೆ ಹಾಡು ಸುಮಾರು ಎಂಟು ಪ್ರತಿಶತ ನಿಧಾನವಾಗಿ, ಶ್ರುತಿ ಒಂದೂವರೆ ಸ್ವರಸ್ಥಾನ ಇಳಿದು ಕೇಳುತ್ತದೆ. ಹೊಸ ಹಾಡಾದ್ದರಿಂದ ಕೇಂದ್ರದಲ್ಲಿ ಯಾರಿಗೂ ತಪ್ಪು ಗೊತ್ತಾಗುವುದಿಲ್ಲ. ಫೈಲಿನ ಉದ್ದವನ್ನು ಆಲ್ಬಮ್‌ನ ಪಟ್ಟಿಯೊಂದಿಗೆ ಹೋಲಿಸುವುದೊಂದೇ ಕಾವಲು.

ಫೈಲಿನ ಹೆಸರನ್ನೂ ನೋಡಿಕೊಳ್ಳಬೇಕು. ಓಪೆತ್ ತಂಡದ ‘ದಿ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್’ (2024ರ ನವೆಂಬರ್) ಒಂದು ಉಯಿಲಿನ ಕಥೆ. ಅದರ ಮೊದಲ ಏಳು ಹಾಡುಗಳಿಗೆ ಹೆಸರಿಲ್ಲ, ಕಾನೂನು ಪತ್ರಗಳಲ್ಲಿ ಬರುವ ಪರಿಚ್ಛೇದದ ಚಿಹ್ನೆ ಮತ್ತು ಸಂಖ್ಯೆ ಅಷ್ಟೆ. ಇಂಥ ಚಿಹ್ನೆ ಇರುವ ಫೈಲನ್ನು ಕೆಲವು ತಂತ್ರಾಂಶಗಳು ಓದದೆ ಮುಂದಕ್ಕೆ ಹಾರುತ್ತವೆ. ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಇರುವಂತೆ ಹೆಸರು ಬದಲಿಸಿ. ಮೈಕಿನ ಮುಂದೆ ಅದನ್ನು ‘ಕಲಂ ಒಂದು, ಕಲಂ ಎರಡು’ ಎಂದೇ ಹೇಳುತ್ತೇವೆ. ಕೋರ್ಟು, ಸಬ್‌ರಿಜಿಸ್ಟ್ರಾರ್ ಕಚೇರಿ ಅಲೆದ ಯಾರಿಗಾದರೂ ಆಲ್ಬಮ್ ಯಾವ ಬಗೆಯದೆಂದು ಆ ಒಂದು ಮಾತಿನಲ್ಲೇ ತಿಳಿಯುತ್ತದೆ.

ಈಗ ಶಬ್ದದ ಮಟ್ಟ. ಹೆಚ್ಚು ಕೆಡುವುದು ಇಲ್ಲೇ, ಬೇಕಾದ ತಾಳ್ಮೆಯೂ ಇಲ್ಲೇ ಹೆಚ್ಚು. ಕಿವಿಗೆ ಕೇಳುವ ಸರಾಸರಿ ಜೋರನ್ನು ಅಳೆಯುವ ಘಟಕ ಲಫ್ಸ್ (LUFS); ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಪ್ರೊಗ್ರೆಸಿವ್ ಮೆಟಲ್ ಆಲ್ಬಮ್ ಮೈನಸ್ 8 ಲಫ್ಸ್‌ನಷ್ಟು ಜೋರಾಗಿರುತ್ತದೆ, ಸಿಂಫೋನಿಕ್ ಬಗೆಯದು ಮೈನಸ್ 16ರ ಆಸುಪಾಸು. ಎರಡನ್ನೂ ಹಾಗೇ ಬೆನ್ನಿಗೆ ಬೆನ್ನು ಹಾಕಿದರೆ ಕೇಳುಗ ರೇಡಿಯೋ ಹತ್ತಿರವೇ ಕೂತಿರಬೇಕಾಗುತ್ತದೆ. ಜೋರನ್ನು ಇಳಿಸಿ, ಮೆತ್ತಗಿನದನ್ನು ಏರಿಸಬೇಡಿ. ನಾವು ಎಲ್ಲವನ್ನೂ ಮೈನಸ್ 18 ಲಫ್ಸ್‌ಗೆ ತರುತ್ತೇವೆ, ಟ್ರೂ ಪೀಕ್ (ಧ್ವನಿಯ ಅತಿ ಎತ್ತರದ ಶಿಖರ) ಮೈನಸ್ 1 ಡೆಸಿಬೆಲ್ ಮೀರದಂತೆ. ಮೈನಸ್ 14ಕ್ಕೆ ಏರಿಸಲು ಹೊರಟರೆ ಮೆತ್ತಗಿನ ಹಾಡಿನ ಶಿಖರಗಳು ಮಿತಿ ದಾಟುತ್ತವೆ. ಆಗ ಶಿಖರಗಳನ್ನು ಅಮುಕುವ ಲಿಮಿಟರ್ ಹಾಕಬೇಕಾಗಿ, ಡ್ರಮ್ಮಿನ ಪೆಟ್ಟು ಸತ್ತುಹೋಗುತ್ತದೆ. ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯ ‘ಲೌಡ್‌ನೆಸ್ ನಾರ್ಮಲೈಸೇಶನ್’ ಈ ಕೆಲಸಕ್ಕೆ ಸಾಕು. ಮಾತಿನ ಫೈಲ್ ಮೋನೋ ಆಗಿದ್ದರೆ ಅದರಲ್ಲಿ ಮೋನೋವನ್ನು ಡ್ಯುಯಲ್ ಮೋನೋ ಎಂದು ಪರಿಗಣಿಸುವ ಆಯ್ಕೆಗೆ ಗುರುತು ಹಾಕಿ. ಇಲ್ಲದಿದ್ದರೆ ಅಳತೆ 3 ಘಟಕ ತಪ್ಪಿ ಮಾತು ಸಂಗೀತಕ್ಕಿಂತ ಅರಚುತ್ತದೆ.

ಹಾಡಿನ ಸರಾಸರಿ ಸರಿಯಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಟೇಪಿನ ಧ್ವನಿ ನುಡಿಸುವ ಹಳೆಯ ಕೀಬೋರ್ಡ್ ಮೆಲೊಟ್ರಾನ್‌ನ ತೆಳು ಎಳೆಯಿಂದ ಶುರುವಾಗುವ ಹಾಡಿಗೆ ಮುನ್ನ ನಿರೂಪಕರ ದನಿ ಗಟ್ಟಿಯಾಗಿ ಮುಗಿದರೆ ಮೊದಲ ಅರ್ಧ ನಿಮಿಷ ಕೇಳುಗರಿಗೆ ಏನೂ ಕೇಳಿಸುವುದಿಲ್ಲ. ಕೊನೆಯ ವಾಕ್ಯವನ್ನು ಮೂರು ನಾಲ್ಕು ಡೆಸಿಬೆಲ್ ಇಳಿಸಿ, ಒಂದೂವರೆ ಸೆಕೆಂಡ್ ಬಿಟ್ಟು ಹಾಡನ್ನು ಶುರು ಮಾಡಿ. ಕಿವಿ ಅಷ್ಟರಲ್ಲಿ ಹೊಂದಿಕೊಂಡಿರುತ್ತದೆ.

ಕೇಂದ್ರದಲ್ಲಿ ಮೌನವನ್ನು ಪತ್ತೆಹಚ್ಚುವ ಯಂತ್ರವೊಂದು ಇರುತ್ತದೆ. ಇಂತಿಷ್ಟು ಸೆಕೆಂಡ್ ಶಬ್ದ ಬಾರದಿದ್ದರೆ ಪ್ರಸಾರ ಕೆಟ್ಟಿದೆ ಎಂದುಕೊಂಡು ಅದು ಬೇರೆ ಹಾಡನ್ನೋ ಜಾಹೀರಾತನ್ನೋ ಹಾಕಿಬಿಡುತ್ತದೆ. ಹದಿನಾರು ನಿಮಿಷದ ಹಾಡಿನ ನಡುವೆ ಒಂಟಿ ಪಿಯಾನೋ ನುಡಿಯುತ್ತಿರುವಾಗ ಥಟ್ಟನೆ ಜಾಹೀರಾತು ಬರುವುದು ಇದರಿಂದಲೇ. ಮೈನಸ್ 45 ಡೆಸಿಬೆಲ್‌ಗಿಂತ ಕೆಳಗೆ ಹತ್ತು ಸೆಕೆಂಡ್ ಮೀರಿ ಇರುವ ಪ್ರತಿಯೊಂದು ಜಾಗವನ್ನೂ ನಿಮಿಷ, ಸೆಕೆಂಡ್ ಸಮೇತ ಕೇಂದ್ರಕ್ಕೆ ಕೊಡುವ ಕ್ಯೂ ಶೀಟ್‌ನಲ್ಲಿ (ಹಾಡುಗಳ ಕ್ರಮ, ವೇಳೆಯ ಪಟ್ಟಿ) ಬರೆದು, ಆ ಗಂಟೆಗೆ ಮಾತ್ರ ಯಂತ್ರ ಕಾಯುವ ಅವಧಿಯನ್ನು 40 ಸೆಕೆಂಡ್‌ಗೆ ಏರಿಸಲು ಕೇಳಿಕೊಳ್ಳಿ. ಆ ಜಾಗದಲ್ಲಿ ಸಂಗೀತದ ಮಟ್ಟವನ್ನೇ ಎತ್ತುವುದು ಸುಲಭದ ದಾರಿ, ಆದರೆ ತಪ್ಪು ದಾರಿ. ಮುಂದೆ ಬರುವ ಅಬ್ಬರದ ಬಲವೆಲ್ಲ ಆ ಮೆಲುದನಿಯ ಮೇಲೆಯೇ ನಿಂತಿದೆ.

ಟ್ರಾನ್ಸ್‌ಮಿಟರ್ ಹಿಂದಿನ ಪ್ರೊಸೆಸರ್ ಕೂಡ ಇದನ್ನೇ ಮಾಡುತ್ತದೆ. ಮೆತ್ತಗಿದ್ದುದನ್ನು ಎತ್ತಿ, ಜೋರಿದ್ದುದನ್ನು ಅಮುಕಿ, ಎಲ್ಲವನ್ನೂ ಒಂದೇ ಸಮ ಮಾಡುತ್ತದೆ. ಲಿಮಿಟರ್ ತೆಗೆಯುವಂತಿಲ್ಲ, ಅದಿಲ್ಲದಿದ್ದರೆ ಪ್ರಸಾರದ ತರಂಗ ತನ್ನ ಆವರ್ತನದಿಂದ ಆಚೀಚೆ ಸರಿಯಬಹುದಾದ 75 ಕಿಲೋಹರ್ಟ್ಸ್ ಮಿತಿ (ಡೀವಿಯೇಶನ್) ದಾಟುತ್ತದೆ. ಮಂದ್ರ, ಮಧ್ಯ, ತಾರಗಳನ್ನು ಬೇರೆ ಬೇರೆಯಾಗಿ ಅಮುಕುವ ಮಲ್ಟಿಬ್ಯಾಂಡ್ ಕಂಪ್ರೆಷನ್ ಅನ್ನು ಮಾತ್ರ ತಗ್ಗಿಸಲು ಕೇಳಬಹುದು. ಎಫ್‌ಎಂನ ಪ್ರಿ-ಎಂಫಸಿಸ್ ಮೇಲಿನ ಸ್ವರಗಳನ್ನು ಹಿಗ್ಗಿಸುವುದರಿಂದ ಡ್ರಮ್‌ಸೆಟ್ಟಿನ ಸಿಂಬಲ್ (ಕಂಚಿನ ತಟ್ಟೆ) ಹೊಡೆತ ಜಾಸ್ತಿ ಇರುವ ಮಿಕ್ಸ್ ‘ಸ್ಸ್’ ಎಂದು ಸೀಳುತ್ತದೆ. 10 ಕಿಲೋಹರ್ಟ್ಸ್ ಮೇಲೆ ಒಂದೂವರೆ ಡೆಸಿಬೆಲ್ ಇಳಿಸಿದರೆ ಶಮನ. ಹಾಡಿನ ಮೇಲೆ ನಾವು ಕೈಯಾಡಿಸುವುದು ಇಷ್ಟಕ್ಕೇ.

ಮೋನೋದಲ್ಲಿ ಒಮ್ಮೆ ಕೇಳಲೇಬೇಕು. ಸಮುದಾಯ ರೇಡಿಯೋಗಳಿಗೆ ಇರುವ ಶಕ್ತಿ ಮಾಮೂಲಾಗಿ 100 ವ್ಯಾಟ್. ದಾವಣಗೆರೆಯ ಬಯಲಲ್ಲಿ ಅದು ಚೆನ್ನಾಗಿಯೇ ಹರಡುತ್ತದೆ. ಚಿತ್ರದುರ್ಗದಂಥ ಊರಿನ ಕೇಂದ್ರವಾದರೆ ಕಲ್ಲುಗುಡ್ಡದ ಮರೆಯಲ್ಲಿ ಸ್ಟೀರಿಯೋ ಕಳಚಿ ರೇಡಿಯೋ ಮೋನೋಗೆ ಇಳಿಯುತ್ತದೆ. ಎಡ ಬಲಕ್ಕೆ ಅಗಲವಾಗಿ ಹರಡಿದ ಸಿಂಥ್ ಮತ್ತು ಕೋರಸ್ ಆಗ ಒಂದನ್ನೊಂದು ಕಳೆದುಕೊಂಡು ಮಾಯವಾಗಬಹುದು. ಹಾಗಾದ ಹಾಡನ್ನು ತಿದ್ದಲು ಹೋಗುವುದಿಲ್ಲ. ಅದೇ ಆಲ್ಬಮ್‌ನ ಬೇರೆ ಹಾಡನ್ನು ಆರಿಸುತ್ತೇವೆ.

ನಿರೂಪಣೆಯ ಎಂಟೂವರೆ ನಿಮಿಷಕ್ಕೆ, ನಿಮಿಷಕ್ಕೆ 85 ಪದದಂತೆ, ಸುಮಾರು 720 ಪದ ಬರೆಯಬೇಕು. ಬರೆಯದೆ ಮಾತಾಡಿದರೆ ಹನ್ನೆರಡು ನಿಮಿಷವಾಗುತ್ತದೆ. ಯಾರು ನುಡಿಸಿದ್ದು, ಎಲ್ಲಿಯವರು, ಎಷ್ಟು ನಿಮಿಷ, ಒಳಗೆ ಏನನ್ನು ಕಾಯಬೇಕು ಎಂಬ ನಾಲ್ಕಕ್ಕೆ ಉತ್ತರವಿರಲಿ. ‘ಒಂಬತ್ತನೇ ನಿಮಿಷಕ್ಕೆ ಹಾಡುಗಾರಿಕೆ ನಿಂತು ಆರ್ಗನ್ ಬರುತ್ತದೆ, ಅಲ್ಲಿ ತಾಳ ಬದಲಾಗುತ್ತದೆ’ ಎಂದು ಮೊದಲೇ ಹೇಳಿದರೆ ಹೊಸ ಕೇಳುಗರು 20 ನಿಮಿಷವೂ ಕೂರುತ್ತಾರೆ.

ತಾಳವನ್ನು ಹೇಳಿಕೊಡಲು ನಮ್ಮಲ್ಲಿ ಬೇಕಾದಷ್ಟು ಸಾಮಗ್ರಿ ಇದೆ. ರಾಕ್ ಕೇಳಿ ಬೆಳೆದವರಿಗೆ ನಾಲ್ಕರ ಎಣಿಕೆ ರೂಢಿ, ಏಳು ಬಂದರೆ ಎಡವುತ್ತಾರೆ. ಕಾವ್ಯವಾಚನದ ಗಮಕ ಕೇಳಿದವರಿಗೆ ಏಳು ಹೊಸದೇ ಅಲ್ಲ. ಭಾಮಿನಿ ಷಟ್ಪದಿ ನಡೆಯುವುದೇ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳಲ್ಲಿ. ಕರ್ನಾಟಕ ಸಂಗೀತದ ಮಿಶ್ರ ಛಾಪುವೂ ಅದೇ: ತಕಿಟ ತಕಧಿಮಿ. ಐದರ ನಡೆಗೆ ವಾರ್ಧಕ ಷಟ್ಪದಿ ಇದೆ, ಖಂಡ ಛಾಪು ಇದೆ. 7/8ರ ಹಾಡಿಗೆ ಮುನ್ನ ಹತ್ತು ಸೆಕೆಂಡ್ ‘ತಕಿಟ ತಕಧಿಮಿ’ ಎಂದು ಅದೇ ವೇಗದಲ್ಲಿ ಹೇಳಿ, ನೇರ ಹಾಡಿಗೆ ಹೋಗುತ್ತೇವೆ. ಒಂದು ಎಚ್ಚರಿಕೆ: ಎಲ್ಲ ಏಳೂ ಮೂರು-ನಾಲ್ಕು ಅಲ್ಲ. ಬಹಳಷ್ಟು ಹಾಡುಗಳಲ್ಲಿ ನಾಲ್ಕು ಮೊದಲು, ಮೂರು ಆಮೇಲೆ. ಸ್ನೇರ್ ಡ್ರಮ್ಮಿನ ಚುರುಕು ಪೆಟ್ಟು ಬೀಳುವ ಜಾಗ ನೋಡಿ ಒಡೆದು ಎಣಿಸಬೇಕು. ತಪ್ಪು ಒಡೆತ ಹೇಳಿಕೊಟ್ಟರೆ ಹೇಳದಿರುವುದಕ್ಕಿಂತ ಕೇಡು.

ಹೆಸರುಗಳ ಗೊಂದಲವೂ ಉಂಟು. ವೇಲ್ಸ್‌ನಲ್ಲಿ 1997ರಲ್ಲಿ ಹುಟ್ಟಿದ ಒಂದು ಪ್ರೊಗ್ರೆಸಿವ್ ರಾಕ್ ತಂಡದ ಹೆಸರು ‘ಕರ್ನಾಟಕ’, ನಮ್ಮ ರಾಜ್ಯದಿಂದಲೇ ತೆಗೆದುಕೊಂಡದ್ದು. ‘ಈಗ ಕರ್ನಾಟಕದ ಹಾಡು’ ಎಂದರೆ ಕೇಳುಗರು ಬೇರೇನೋ ತಿಳಿಯುತ್ತಾರೆ. ‘ವೇಲ್ಸ್‌ನ ಕರ್ನಾಟಕ ಎಂಬ ತಂಡ’ ಎಂದು ಬಿಡಿಸಿ ಹೇಳಬೇಕು. ನಮ್ಮ ರಾಜ್ಯದ್ದೇ ಬೇಕೆಂದರೆ ಬೆಂಗಳೂರಿನ ಅಗಂ ತಂಡ ಕರ್ನಾಟಕ ಸಂಗೀತವನ್ನೇ ಬೆನ್ನೆಲುಬಾಗಿ ಇಟ್ಟುಕೊಂಡು ಪ್ರೊಗ್ರೆಸಿವ್ ರಾಕ್ ಕಟ್ಟುತ್ತದೆ. ವಿದೇಶಿ ಹೆಸರುಗಳ ಉಚ್ಚಾರಕ್ಕೆ ಬ್ಯಾಂಡಿನವರ ಸಂದರ್ಶನ ಕೇಳಿ, ಅವರ ಬಾಯಲ್ಲಿ ಬಂದಂತೆ ಕನ್ನಡದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಧ್ವನಿಮುದ್ರಣ ಮನೆಯಲ್ಲೇ, ರಾತ್ರಿ ಹತ್ತರ ಮೇಲೆ. ಅಷ್ಟರಲ್ಲಿ ಆಟೋ, ಮಿಕ್ಸಿ, ಕುಕ್ಕರ್ ಸದ್ದು ಅಡಗಿರುತ್ತದೆ. ಕೂತವರ ಬೆನ್ನ ಹಿಂದೆ ಮತ್ತು ಎರಡೂ ಪಕ್ಕಕ್ಕೆ ದಪ್ಪ ಕೌದಿ ಇಳಿಬಿಟ್ಟರೆ ಕೋಣೆಯ ಮೊಳಗು ನಿಲ್ಲುತ್ತದೆ. ಬೆನ್ನ ಹಿಂದಿನದು ಮುಖ್ಯ, ಮೈಕ್ ನೋಡುತ್ತಿರುವುದು ಆ ಗೋಡೆಯನ್ನು. ಡೈನಮಿಕ್ ಮೈಕ್, ಬಾಯಿಂದ 15 ಸೆಂಟಿಮೀಟರ್, ಸ್ವಲ್ಪ ಓರೆಯಾಗಿ. ‘ಪ’, ‘ಭ’ ಬಂದಾಗ ಗಾಳಿ ನೇರ ಹೊಡೆಯಬಾರದು. ಶಿಖರ ಮೈನಸ್ 12ರೊಳಗೆ, 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಏಪ್ರಿಲ್ ಸೆಖೆಯಲ್ಲೂ ಫ್ಯಾನ್ ಆರಿಸಲೇಬೇಕು, ಎರಡೆರಡು ನಿಮಿಷದ ತುಂಡುಗಳಲ್ಲಿ ಮುಗಿಸಿಕೊಳ್ಳಿ. ಲ್ಯಾಪ್‌ಟಾಪ್ ಚಾರ್ಜರ್‌ನಿಂದ ಗುಂಯ್ ಎನ್ನುವ ಸದ್ದು ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಮುದ್ರಿಸಿ.

ಸಿದ್ಧವಾದ ಒಂದು ಗಂಟೆಯ 16 ಬಿಟ್ ವೇವ್ ಫೈಲ್ ಸುಮಾರು 635 ಎಂಬಿ, 320 ಕೆಬಿಪಿಎಸ್ ಎಂಪಿ3 ಆದರೆ 144. ಕೇಂದ್ರಕ್ಕೆ ಪೆನ್‌ಡ್ರೈವ್‌ನಲ್ಲಿ ವೇವ್ ಕೊಡುತ್ತೇವೆ, ಎಂಪಿ3 ಮೀಸಲು. ಸ್ಟ್ರೀಮ್ 128 ಕೆಬಿಪಿಎಸ್‌ನಲ್ಲಿ ಹೋದರೆ ಒಬ್ಬ ಕೇಳುಗರಿಗೆ ಗಂಟೆಗೆ 58 ಎಂಬಿ ಖರ್ಚು. ನಲವತ್ತು ಜನ ಕೇಳಿದರೆ 5 ಎಂಬಿಪಿಎಸ್ ಅಪ್‌ಲೋಡ್ ಬೇಕು, ಕರೆಂಟೂ ಹೋಗಬಹುದು. ಆದ್ದರಿಂದ ಸ್ಟ್ರೀಮ್ ನಡೆಸುವ ತಂತ್ರಾಂಶ ಐಸ್‌ಕ್ಯಾಸ್ಟ್ ಅನ್ನು ಮನೆಯ ಕಂಪ್ಯೂಟರಿನಲ್ಲಿ ಇಡದೆ ಹೊರಗಿನ ಸರ್ವರ್‌ನಲ್ಲಿ ಇಟ್ಟು, ಫೈಲನ್ನೂ ಅಲ್ಲಿಗೇ ಮೊದಲೇ ಏರಿಸಿರುತ್ತೇವೆ.

ಪ್ರಸಾರವಾದ ಮರುದಿನವೇ ಪ್ರತಿ ಬ್ಯಾಂಡಿಗೂ ಹಾಡಿನ ಹೆಸರು, ಪ್ರಸಾರದ ದಿನ, ಭಾರತೀಯ ಕಾಲಮಾನ ಮತ್ತು ಅವರ ಊರಿನ ವೇಳೆ ಬರೆದು ಪಟ್ಟಿ ಕಳಿಸಬೇಕು. ಮುಂದಿನ ಆಲ್ಬಮ್ ಬರುವಾಗ ಬಿಡುಗಡೆಗೆ ನಾಲ್ಕು ವಾರ ಮೊದಲೇ ಪೂರ್ತಿ ಫೈಲ್ ಕಳಿಸುವುದು ಇಂಥ ಪಟ್ಟಿ ಪಡೆದ ಬ್ಯಾಂಡ್‌ಗಳೇ.